ಕಾಲರ್ ಅಕ್ಕನ ಕತ್ತರಿ

ಶಾಲೆ ಮಕ್ಕಳ ಅಂಗಿ ಹೊಲಿಯುವ ಕೋಣೆಯಲ್ಲಿ ಬೆರಳಿಗೆ ಸೂಜಿ ಚುಚ್ಚುವುದು ಹೊಸದೇನಲ್ಲ. ಆದರೆ ಬಿಳಿ ಬಟ್ಟೆಗೆ ಒಂದು ಹನಿ ರಕ್ತ ತಾಗಿದರೂ ಆ ಅಂಗಿ ಹಾಳು. ಅದಕ್ಕೆ ಅಲ್ಲೊಂದು ರೂಢಿ. ಯಾರಿಗೆ ಚುಚ್ಚಿದರೂ ಪಕ್ಕದವರು ಓಡಿಬಂದು ಬೆರಳನ್ನು ಒತ್ತಿ ಹಿಡಿಯಬೇಕು. ಮೊದಲು ಬಟ್ಟೆ ಉಳಿಯಲಿ, ಬೆರಳಿನ ಮಾತು ಆಮೇಲೆ!

ಅವತ್ತು ಚುಚ್ಚಿದ್ದು ಕಾಲರ್ ಅಕ್ಕನಿಗೆ. ಕಾಲರ್ ಹೊಲಿಯುವುದರಲ್ಲಿ ಆಕೆ ಎತ್ತಿದ ಕೈ, ಹೆಸರು ಬಂದದ್ದೂ ಹಾಗೆಯೇ. ಪಕ್ಕದ ಮಿಷನ್ನಿನಲ್ಲಿ ಕೂರುವವಳು ಹಾಲು ಕುಡಿಯುವ ಮಗುವಿನ ತಾಯಿ. ಅವಸರದಲ್ಲಿ ಬರಿಗೈಯಲ್ಲೇ ಅಕ್ಕನ ಬೆರಳು ಹಿಡಿದಳು.

"ಬಿಡೇ, ಮುಟ್ಟಬೇಡ!" ಅಕ್ಕ ಕೈ ಕಿತ್ತುಕೊಂಡಳು. ಅಷ್ಟರಲ್ಲಿ ಇವಳ ಅಂಗೈಯೆಲ್ಲ ರಕ್ತ.

ಅಕ್ಕ ತನ್ನ ಬೆರಳಿಗೆ ತಾನೇ ಪಟ್ಟಿ ಕಟ್ಟಿಕೊಂಡು, ಇವಳನ್ನು ನಲ್ಲಿಯ ಹತ್ತಿರ ಕರೆದೊಯ್ದಳು. "ಸೋಪು ಹಾಕಿ ಚೆನ್ನಾಗಿ ತೊಳಿ" ಎಂದಳು. ಆಮೇಲೆ ದನಿ ತಗ್ಗಿಸಿದಳು. "ನಂಗೆ ಎಚ್‌ಐವಿ ಇದೆ ಕಣೆ. ದಿನಾ ಮಾತ್ರೆ ತಗೋತೀನಿ. ನೀನು ಪಾಪು ತಾಯಿ, ನಿನ್ನ ಹತ್ರ ಮುಚ್ಚಿಡೋಕೆ ಮನಸ್ಸು ಒಪ್ಪಲಿಲ್ಲ. ನರ್ಸಮ್ಮಂಗೆ ಒಂದ್ಸಲ ಕೈ ತೋರಿಸಿಬಿಡು."

ಮನೆಗೆ ಬಂದವಳು ಅತ್ತೆಯ ಮುಂದೆ ಎಲ್ಲವನ್ನೂ ಹೇಳಿಬಿಟ್ಟಳು. ಅತ್ತೆ ಕೆಟ್ಟವರಲ್ಲ. ಆದರೆ ಭಯ ಹೊಕ್ಕರೆ ಅವರ ಕೈಯೂ ನಿಲ್ಲದು, ಬಾಯಿಯೂ ನಿಲ್ಲದು. ಸೊಸೆಯ ಮಡಿಲಿನಿಂದ ಮಗುವನ್ನು ಎತ್ತಿಕೊಂಡುಬಿಟ್ಟರು.

"ಇನ್ಮೇಲೆ ನೀನು ಇದನ್ನ ಮುಟ್ಟಬೇಡ. ಹಾಲೂ ಕೊಡಬೇಡ."

"ಅತ್ತೆ, ಹಸಿವಿಗೆ ಅಳ್ತಾ ಇದೆ..."

"ಅಳಲಿ. ಜೀವ ಇದ್ರೆ ತಾನೆ ಅಳೋದು!"

ರಾತ್ರಿಯೆಲ್ಲ ಮಗು ಬಾಟಲಿಗೆ ಬಾಯಿ ಕೊಡಲಿಲ್ಲ. ಗೋಡೆಯ ಈಚೆ ತಾಯಿಯ ಎದೆ ಹಾಲು ಕಟ್ಟಿ ಕಲ್ಲಾಗಿತ್ತು, ಸೋರಿ ಬಟ್ಟೆ ಒದ್ದೆಯಾಗಿತ್ತು. ಹೆತ್ತ ಮಗು ಆಚೆ ಕೋಣೆಯಲ್ಲಿ ಅಳುತ್ತಿದ್ದರೆ ಈಚೆ ಕೂತವಳ ಸಂಕಟ ಯಾವ ಶತ್ರುವಿಗೂ ಬೇಡ.

ಬೆಳಗ್ಗೆ ಆರೋಗ್ಯ ಕೇಂದ್ರದ ಬಾಗಿಲು ತೆಗೆಯುವ ಮೊದಲೇ ಅತ್ತೆ, ಸೊಸೆ, ಮಗು ಅಲ್ಲಿದ್ದರು. ನರ್ಸಮ್ಮ ಎಲ್ಲ ಕೇಳಿಸಿಕೊಂಡು, ಸೊಸೆಯ ಕೈಯನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ನೋಡಿ ನರ್ಸಮ್ಮ, ಬೆರಳ ತುದಿಯೆಲ್ಲ ಸೂಜಿ ತೂತು. ಅದರಿಂದ ಒಳಗೆ ಹೋಗಿರಲ್ವಾ?" ಅತ್ತೆ ಕೇಳಿದರು.

"ಇವು ಹಳೇ ಗುರುತು, ಚರ್ಮ ಕೂಡಿಕೊಂಡಿದೆ. ಗಾಯ ಇಲ್ಲದ ಚರ್ಮದ ಮೇಲೆ ರಕ್ತ ಬಿದ್ರೆ ಎಚ್‌ಐವಿ ಒಳಗೆ ಹೋಗಲ್ಲಮ್ಮ. ತೊಳೆದೂ ಆಗಿದೆ. ಭಯ ಬೇಡ."

"ಹಸಿ ಗಾಯ ಇದ್ದಿದ್ರೆ?" ಸೊಸೆ ಕೇಳಿದಳು.

"ಒಳ್ಳೇ ಪ್ರಶ್ನೆ. ಹಸಿ ಗಾಯಕ್ಕೆ, ಕಣ್ಣಿಗೆ, ಬಾಯಿಗೆ ಇನ್ನೊಬ್ಬರ ರಕ್ತ ತಾಗಿದ್ರೆ, ಇಲ್ಲಾ ರಕ್ತ ಮೆತ್ತಿದ ಸೂಜಿ ಚುಚ್ಚಿದ್ರೆ, ತೊಳ್ಕೊಂಡು ತಕ್ಷಣ ಆಸ್ಪತ್ರೆಗೆ ಬರ್ಬೇಕು. ಕಣ್ಣಿಗೆ ಬರೀ ನೀರು ಸಾಕು. ಬೇಕು ಅನ್ನಿಸಿದ್ರೆ ಡಾಕ್ಟರು ತಡೆಯೋ ಮಾತ್ರೆ ಕೊಡ್ತಾರೆ. ಅದನ್ನ ಎಪ್ಪತ್ತೆರಡು ಗಂಟೆಯೊಳಗೆ ಶುರು ಮಾಡ್ಬೇಕು, ಬೇಗ ಬಂದಷ್ಟೂ ಒಳ್ಳೇದು."

ಅತ್ತೆಗೆ ಇನ್ನೂ ಸಮಾಧಾನವಿಲ್ಲ. "ಆದ್ರೂ ಒಂದೇ ಲೋಟ, ಒಂದೇ ಕಕ್ಕಸು..."

"ಅದರಿಂದ ಬರಲ್ಲ. ಪಕ್ಕ ಕೂತ್ರೆ, ಕೈ ಹಿಡಿದ್ರೆ, ಸೊಳ್ಳೆ ಕಚ್ಚಿದ್ರೂ ಬರಲ್ಲ. ಕಾಂಡೋಮ್ ಇಲ್ಲದ ಲೈಂಗಿಕ ಸಂಪರ್ಕ, ಒಬ್ಬರಿಗೆ ಚುಚ್ಚಿದ ಇಂಜೆಕ್ಷನ್ ಸೂಜಿ ಇನ್ನೊಬ್ಬರಿಗೆ ಚುಚ್ಚೋದು, ಪರೀಕ್ಷೆ ಮಾಡದ ರಕ್ತ ಏರಿಸೋದು, ಚಿಕಿತ್ಸೆ ಇಲ್ಲದ ತಾಯಿಯಿಂದ ಮಗುವಿಗೆ. ಬರೋ ದಾರಿ ಇವು. ಈಗ ಮೊದಲು ಪಾಪೂಗೆ ಹಾಲು ಕೊಡಿ!"

ಅಲ್ಲೇ ಬೆಂಚಿನ ಮೇಲೆ ಮಗು ತಾಯಿಯ ಎದೆಗೆ ಬಾಯಿ ಹಾಕಿತು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಇದನ್ನ ಬೇರೆ ಯಾರಿಗಾದ್ರೂ ಹೇಳಿದ್ರಾ?" ನರ್ಸಮ್ಮ ಕೇಳಿದರು.

ಅತ್ತೆ ನೆಲ ನೋಡಿದರು. "ಎದುರು ಮನೆಯವಳಿಗೆ ಮಾತ್ರ..."

"ಹಾಗಾದ್ರೆ ಊರಿಗೆಲ್ಲ ಹೇಳಿದ ಹಾಗಾಯ್ತು."

ಹಾಗೇ ಆಗಿತ್ತು. ಮಧ್ಯಾಹ್ನ ಎಂದಿನಂತೆ ಮಗುವಿಗೆ ಹಾಲು ಕುಡಿಸಲು ಅತ್ತೆ ಹೊಲಿಗೆ ಕೋಣೆಗೆ ಬಂದರು. ಕಾಲರ್ ಅಕ್ಕನ ಸುತ್ತಲಿನ ಸ್ಟೂಲುಗಳೆಲ್ಲ ದೂರ ಸರಿದಿದ್ದವು, ಸೊಸೆಯ ಸ್ಟೂಲೊಂದನ್ನು ಬಿಟ್ಟು. ಅಕ್ಕನ ಕತ್ತರಿಯ ಹಿಡಿಗೆ ಯಾರೋ ಕೆಂಪು ದಾರ ಕಟ್ಟಿದ್ದರು.

"ಇದ್ಯಾಕೆ ದಾರ?" ಎಂದರು ಅತ್ತೆ.

"ಗುರುತಿಗೆ. ಬೇರೆಯವರು ಅದನ್ನ ಮುಟ್ಟಬಾರದಲ್ಲ" ಎಂದಳೊಬ್ಬಳು.

ಅಕ್ಕ ತಲೆ ಎತ್ತಲಿಲ್ಲ. ತನ್ನ ಮಾತೇ ಇಲ್ಲಿಗೆ ಬಂದು ಗಂಟಾಗಿದೆ ಎಂದು ಅತ್ತೆಗೆ ಅರ್ಥವಾಯಿತು. ನಾಚಿಕೆಯಿಂದ ಮುಖ ಬಿಸಿಯಾಯಿತು. ನೆಟ್ಟಗೆ ಹೋಗಿ ಮಗುವನ್ನು ಅಕ್ಕನ ಮಡಿಲಲ್ಲಿಟ್ಟರು. ಕೋಣೆಯಲ್ಲಿ ಒಂದೊಂದೇ ಮಿಷನ್ನು ನಿಂತಿತು.

ಅಕ್ಕ ಎರಡೂ ಕೈ ಮೇಲೆತ್ತಿದಳು. "ಬೇಡಮ್ಮ, ನನ್ನ ಬೆರಳು..."

"ಪಟ್ಟಿ ಕಟ್ಟಿದೆಯಲ್ಲ, ಸಾಕು. ನನ್ನ ಮೊಮ್ಮಗುವಿನ ಚಿಂತೆ ನನಗಿಂತ ಮೊದಲು ಮಾಡಿದವಳು ನೀನು. ಹಿಡ್ಕೊ ಮಗಳೇ."

ಅಕ್ಕನ ಕೈಗಳು ಮೆಲ್ಲಗೆ ಇಳಿದವು. ಅವಳು ಅಳುತ್ತಿದ್ದಳು. ಅತ್ತೆ ಕತ್ತರಿ ಎತ್ತಿಕೊಂಡು, ಕೆಂಪು ದಾರವನ್ನು ಬಿಚ್ಚಿ ಕಸದ ಬುಟ್ಟಿಗೆ ಹಾಕಿದರು.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಯಾರಿಗೆ ಗಾಯವಾದರೂ ದಪ್ಪ ಬಟ್ಟೆ ಇಲ್ಲವೇ ಪ್ಲಾಸ್ಟಿಕ್ ಚೀಲ ಅಡ್ಡ ಹಿಡಿದು ನೆರವಾಗಿ, ಆಮೇಲೆ ಸೋಪಿನಿಂದ ಕೈ ತೊಳೆಯಿರಿ. ಅನುಮಾನ ಬಂದರೆ ಎದುರು ಮನೆಗಲ್ಲ, ಆಸ್ಪತ್ರೆಗೆ ಹೋಗಿ, ಅವತ್ತೇ ಹೋಗಿ. ನಿಮ್ಮನ್ನು ನಂಬಿ ಒಬ್ಬರು ಹೇಳಿದ ಗುಟ್ಟು ನಿಮ್ಮಲ್ಲೇ ಇರಲಿ. ನಿಮ್ಮ ಕೆಲಸದ ಜಾಗದಲ್ಲೂ ಯಾರದಾದರೂ ಕತ್ತರಿಗೆ, ಲೋಟಕ್ಕೆ ಅಂಥ ದಾರ ಕಟ್ಟಿದ್ದರೆ, ಇವತ್ತೇ ಬಿಚ್ಚಿ.