ಗೆದ್ದ ಮೇಲೊಂದು ಸುತ್ತು

ಎಣಿಕೆ ಮುಗಿಯಿತು. ಚುನಾವಣೆ ನಡೆಸುತ್ತಿದ್ದ ಯಲ್ಲಾಲಿಂಗ ಮಾಸ್ತರರು ಎದ್ದು, ಮೂರು ತಾಲೂಕುಗಳ ಕುರಿಗಾರರ ಸಂಘಕ್ಕೆ ಮೂಡಲಗಿ ಕಡೆಯ ಕುಲಗೋಡದ ಕಸ್ತೂರಿಯೇ ಅಧ್ಯಕ್ಷೆ ಎಂದು ಸಾರಿದರು. ಮೂಡಲಗಿ ಕಡೆಯವರು ಭಂಡಾರದ ಅರಿಶಿನ ಪುಡಿ ತೂರಿದರು. ಗೋಕಾಕದವರೂ ಹುಕ್ಕೇರಿಯವರೂ ಕುರ್ಚಿ ಒದ್ದು ಎದ್ದರು.

ಅವರ ಸಿಟ್ಟಿಗೆ ಕಾರಣವಿತ್ತು. ಕಸ್ತೂರಿಗೆ ಎಲ್ಲರಿಗಿಂತ ಹೆಚ್ಚು ಮತ ಬಿದ್ದಿದ್ದವು, ಖರೆ; ಆದರೆ ಒಟ್ಟು ಮತದ ಅರ್ಧವೂ ಇರಲಿಲ್ಲ. ಉಳಿದದ್ದನ್ನು ಗೋಕಾಕದ ಈಶ್ವರ, ಹುಕ್ಕೇರಿ ಕಡೆಯ ದಡ್ಡಿಯ ಸಿದ್ರಾಯ ಇಬ್ಬರೂ ಹಂಚಿಕೊಂಡಿದ್ದರು; ಸಿದ್ರಾಯ ಎರಡನೆಯವನು, ಈಶ್ವರ ಮೂರನೆಯವನು.

"ಅರ್ಧಕ್ಕಿಂತ ಹೆಚ್ಚ ಮಂದಿ ಬ್ಯಾಡಂದಾಕಿ ಅದೆಂಗ ಅಧ್ಯಕ್ಷಿ ಆಗ್ತಾಳು?" ಹುಕ್ಕೇರಿಯವನೊಬ್ಬ ಮತಪೆಟ್ಟಿಗೆಗೆ ಕೈ ಹಾಕಿದ. ನೂಕಾಟ ಶುರುವಾಯಿತು.

ಹೋದ ವರ್ಷದ ಸಭೆಯಲ್ಲಿ ಇದೇ ಮಾತನ್ನು ಕಸ್ತೂರಿಯೇ ಎತ್ತಿದ್ದಳು. ಆಗ ಎಲ್ಲರೂ ನಕ್ಕಿದ್ದರು.

ಗಂಡ ಮಾಳು ಅವಳ ರಟ್ಟೆ ಹಿಡಿದ. "ಗೆದ್ದೀದಿ. ಸುಮ್ನ ಕುರ್ಚಿ ಮ್ಯಾಲ ಕುಂಡ್ರು. ಹಳೀ ಮಾತ ಯಾರಿಗೂ ನೆನಪಿಲ್ಲ."

"ನನಗ ನೆನಪೈತ್ರಿ."

ಅವಳು ಮೈಕು ಹಿಡಿದಳು. "ಕೆಲವು ದೇಶದಾಗ ರಾಷ್ಟ್ರಪತಿನ್ನ ಮಂದಿನ ಆರಸ್ತಾರ್ರಿ. ಯಾರಿಗೂ ಅರ್ಧಕ್ಕಿಂತ ಹೆಚ್ಚ ಬೀಳಲಿಲ್ಲಂದ್ರ, ಮುಂದಿರೋ ಇಬ್ಬರ ನಡುವ ಮತ್ತೊಮ್ಮಿ ಮತ ಹಾಕ್ತಾರು. ನಾವೂ ಹಾಕೂಣು. ನಾನು, ಸಿದ್ರಾಯಣ್ಣ, ಇಬ್ಬರ."

ಗದ್ದಲ ತಟ್ಟನೆ ನಿಂತಿತು.

"ಸಭಾ ಒಪ್ಪಿದ್ರ ನನ್ನ ತಕರಾರಿಲ್ಲ," ಎಂದರು ಮಾಸ್ತರರು. ಸೋತವರ ಕೈಗಳೆಲ್ಲ ಮೇಲೆದ್ದವು.

"ನಮ್ಮ ಬಾಯಾಗ ಮಣ್ಣ ಹಾಕಿದಿ," ಎಂದು ಅವಳ ಕಡೆಯ ಮುದುಕನೊಬ್ಬ ಮುಖ ತಿರುಗಿಸಿದ. ಮತ್ತೆ ಸಾಲು ನಿಂತಿತು. ಈಶ್ವರನ ಕಡೆಯವರು ಯಾರತ್ತ ವಾಲುವರೋ ತಿಳಿಯದು. ಅವರು ಕಸ್ತೂರಿಯ ಕಣ್ಣು ತಪ್ಪಿಸಿ ಮುಂದೆ ಹೋದರು. ಎರಡನೇ ಎಣಿಕೆಯಲ್ಲಿ ಅವಳ ಚೀಟಿಗಳ ರಾಶಿ ಒಮ್ಮೆ ಏರಿತು, ಒಮ್ಮೆ ಹಿಂದೆ ಬಿತ್ತು. ಕಡೆಗೆ ಗೆದ್ದವನು ಸಿದ್ರಾಯ, ಕೂದಲೆಳೆಯಷ್ಟು ಅಂತರದಲ್ಲಿ.

ಸಿದ್ರಾಯ ಹೂಮಾಲೆ ಸಮೇತ ಕಸ್ತೂರಿಯ ಎದುರಿಗೆ ಬಂದ.

"ತಂಗೀ, ನಾ ಆಗಿದ್ರ ಬಿಟ್ಟಕೊಡತಿದ್ದಿಲ್ಲ."

"ಗೊತ್ತೈತಿ ಅಣ್ಣಾ. ಅದಕ್ಕ, ಮೊದಲ ಇದನ್ನ ನಿಯಮ ಮಾಡ್ರಿ. ಮುಂದಿನವ್ರ ಮನಸಿನ ಮ್ಯಾಲ ಬಿಡಬ್ಯಾಡ್ರಿ."

ಸಿದ್ರಾಯ ಅದನ್ನು ಅಲ್ಲೇ ಸಭೆಯ ಮುಂದಿಟ್ಟ. ನಿಯಮ ಪಾಸಾಯಿತು, ಈ ಸಲ ಮೂಡಲಗಿಯವರೂ ಕೈ ಎತ್ತಿದರು.

ಹೊರಗೆ ಮಾಳು ಬೈಕು ಚಾಲೂ ಮಾಡಿ, "ಹತ್ತು," ಎಂದ. ಅವಳು ಸರಿಯಾಗಿ ಕೂರುವ ಮೊದಲೇ ಸಿಟ್ಟಿನಿಂದ ಗಾಡಿ ಓಡಿಸಿದ.