ನೀಲಿ ಎಂದು ಮಾರಿದ ಹಾವು

ನಾನು ಒಂದು ಬೋವಾ ಹಾವು. ನಮ್ಮ ಕುಲದ ಮೂಲ ಸಮುದ್ರದಾಚೆಯ ದಟ್ಟ ಕಾಡು ಎನ್ನುತ್ತಾರೆ. ನಾನು ಹುಟ್ಟಿದ್ದು ಮಾತ್ರ ಹುಬ್ಬಳ್ಳಿಯ ಮಹಡಿ ಮನೆಯೊಂದರಲ್ಲಿ, ಪ್ಲಾಸ್ಟಿಕ್ ಡಬ್ಬಿಯೊಳಗೆ. ನಮ್ಮ ತಾಯಂದಿರು ಮೊಟ್ಟೆ ಇಡುವುದಿಲ್ಲ, ಮರಿಗಳನ್ನೇ ಹೆರುತ್ತಾರೆ. ಪೊರೆ ಹರಿದು ತಲೆಯೆತ್ತಿದಾಗ ನನಗೆ ಮೊದಲು ಕಂಡದ್ದು ತಾಯಿಯಲ್ಲ, ಶಶಿಧರನ ಟಾರ್ಚು. ಬಣ್ಣಬಣ್ಣದ ಹಾವುಗಳನ್ನು ಹುಟ್ಟಿಸಿ ಮಾರುವುದು ಅವನ ಕಸುಬು.

ಅವನು ಒಂದೊಂದೇ ಮರಿಯನ್ನು ಬೆಳಕಿಗೆ ಹಿಡಿದು ಕಣ್ಣು, ಬೆನ್ನಿನ ಪಟ್ಟೆ ನೋಡಿದ. ಬಿಳಿ ಮೈ, ಕಿತ್ತಳೆ ಪಟ್ಟೆ, ಕೆಂಪು ಕಣ್ಣಿನ ಮರಿ ಬಂದಾಗ "ಅಲ್ಬಿನೋ!" ಎಂದು ಹಿಗ್ಗಿದ. ನನ್ನನ್ನು ಎತ್ತಿದಷ್ಟೇ ಬೇಗ ಕೆಳಗಿಟ್ಟ.

"ಇದು ಬರೇ ಕಂದು."

ಬರೇ! ತರಗೆಲೆಗಳ ನಡುವೆ ಅಡಗಿ ಜೀವ ಉಳಿಸಿಕೊಳ್ಳಲು ನನ್ನ ಹಿರಿಯರು ಗಳಿಸಿದ ಬಣ್ಣಕ್ಕೆ ಅವನಿಟ್ಟ ಬೆಲೆ ಅಷ್ಟು.

ನನ್ನನ್ನು ಬಹಳ ಕಾಲ ಯಾರೂ ಕೊಳ್ಳಲಿಲ್ಲ. ಪೊರೆ ಬಿಡುವ ಮುಂಚೆ ನಮ್ಮ ಮೈ ಮಸುಕಾಗಿ ಬೂದಿನೀಲಿಗೆ ತಿರುಗುತ್ತದೆ, ಕಣ್ಣು ಮಬ್ಬಾಗುತ್ತದೆ. ಒಮ್ಮೆ ನಾನು ಹಾಗಿದ್ದಾಗ ಗದಗಿನಿಂದ ವಿಶ್ವನಾಥ ಬಂದ. ಮದುವೆ ಮಂಟಪಗಳಿಗೆ ದೀಪಾಲಂಕಾರ ಮಾಡುವವನು. ಮಿನುಗುವುದೆಲ್ಲ ಅವನಿಗೆ ಬೇಕು.

"ನೀಲಿ ಬೋವಾ ಸರ್," ಎಂದ ಶಶಿಧರ. "ಇಡೀ ರಾಜ್ಯದಾಗ ಇಂಥಾದ್ದು ಸಿಗಾಂಗಿಲ್ಲ."

ವಿಶ್ವನಾಥ ನನ್ನನ್ನು ಗದಗಿಗೆ ಒಯ್ದು, ನೀಲಿ ಹಾವು ತೋರಿಸಲು ಬೀಗರನ್ನೆಲ್ಲ ಊಟಕ್ಕೆ ಕರೆದ. ಅಂದು ಬೆಳಿಗ್ಗೆಯೇ ನಾನು ಕಲ್ಲಿಗೆ ಮೂತಿ ಉಜ್ಜಿ ಪೊರೆ ಕಳಚಿದ್ದೆ. ಮುಚ್ಚಳ ತೆಗೆದರೆ ಒಳಗೆ ಕಂದು ಹಾವು. ಬೀಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಸುಳ್ಳು ಹೇಳಿದವನು ಶಶಿಧರ, ಆದರೆ ವಿಶ್ವನಾಥ ದುರುಗುಟ್ಟಿ ನೋಡಿದ್ದು ನನ್ನನ್ನು!

ಫೋನಿನಲ್ಲಿ ಶಶಿಧರ ಅಳುಕಲಿಲ್ಲ. "ಬಣ್ಣ ಅದರ ರಕ್ತದಾಗ ಐತಿ ಸರ್. ಒಂದು ಅಲ್ಬಿನೋ ಗಂಡು ಕಳಸ್ತೀನಿ, ಆಮ್ಯಾಲೆ ಮರಿ ನೋಡ್ರಿ."

ಆ ಗಂಡನ್ನು ನನ್ನ ಪೆಟ್ಟಿಗೆಗೆ ಬಿಟ್ಟರು. ನಾಲಿಗೆ ಚಾಚಿದೊಡನೆ ವಾಸನೆಯಿಂದ ಗುರುತು ಹತ್ತಿತು. ನನ್ನ ಜೊತೆಗೇ ಹುಟ್ಟಿದ ಅಣ್ಣ. ನಾನು ಮೂಲೆಗೆ ಸರಿದೆ. ಆ ಪೆಟ್ಟಿಗೆಯಲ್ಲಿ ಎಷ್ಟು ದೂರ ಸರಿಯಲು ಸಾಧ್ಯ?

ಮಳೆಗಾಲದ ಹೊತ್ತಿಗೆ ಹೆತ್ತೆ. ಅರ್ಧದಷ್ಟು ಮರಿ ಬಿಳಿ. ವಿಶ್ವನಾಥ ಕುಣಿದಾಡಿದ. ಕೊನೆಯ ಬಿಳಿ ಮರಿಯನ್ನು ಎತ್ತಿದಾಗ ಅವನ ಮುಖ ಸಿಂಡರಿಸಿತು. ಅದಕ್ಕೆ ಕಣ್ಣೇ ಇರಲಿಲ್ಲ.

"ಇದನ್ನ ಫ್ರೀಜರಿನ್ಯಾಗ ಇಟ್ಟುಬಿಡು, ತಾನ ಸಾಯತೈತಿ," ಎಂದು ಹೆಂಡತಿ ಸುನಂದಾಳ ಕೈಗೆ ಕೊಟ್ಟ.

ಅದುವರೆಗೆ ನನ್ನ ಕೋಣೆಗೆ ಕಾಲಿಡದಿದ್ದ ಹೆಂಗಸು ಆಕೆ. ಮರಿ ಅವಳ ಬೆರಳಿಗೆ ಸುತ್ತಿಕೊಂಡಿತು.

"ಜೀವಂತ ಐತೆಲ್ರೀ! ಯಾಕ ಹಿಂಗ ಹುಟ್ಟೇತಿ?"

"ಎರಡೂ ಒಂದ ಹೆರಿಗೀವು ಅಂತ ಶಶಿಧರ ಹೇಳಿದ್ದ. ಅಣ್ಣ-ತಂಗಿ ಕೂಡಿಸಿದ್ರ ಒಂದೊಂದು ಹಿಂಗ ಆಗತಾವ. ಬಣ್ಣ ಬೇಕಂದ್ರ ಹಂಗ ಮಾಡಬೇಕಾಗತೈತಿ."

"ಗೊತ್ತಿದ್ದೂ ಮಾಡಿದ್ರ್ಯಾ?"

"ಹಾವಿಗೆ ಅಣ್ಣ ಯಾರು, ತಂಗಿ ಯಾರು? ಸುಮ್ನಿರ."

ನನಗೆ ಮಾತು ಬರುವಂತಿದ್ದರೆ ಅಂದೇ ಉತ್ತರ ಕೊಡುತ್ತಿದ್ದೆ. ಸುನಂದಾ ಕೊಟ್ಟಳು, ಮರುವಾರ. ಬೆಳಗಾವಿಯಿಂದ ಗಿರಾಕಿಯೊಬ್ಬ ಬಿಳಿ ಮರಿಗಳನ್ನು ಕೊಂಡು ಮುಂದೆ ಅವುಗಳ ಸಂತಾನ ಬೆಳೆಸಲು ಬಂದಿದ್ದ. ಅವಳು ಚಹಾದ ಜೊತೆಗೆ, ತಾನು ಫ್ರೀಜರಿಗೆ ಹಾಕದೆ ಉಳಿಸಿಕೊಂಡಿದ್ದ ಕಣ್ಣಿಲ್ಲದ ಮರಿಯನ್ನೂ ತಂದು ಮುಂದಿಟ್ಟಳು.

"ಇದೂ ಅದೇ ಹೆರಿಗೀದ್ರೀ. ತಂದಿ-ತಾಯಿ ಅಣ್ಣ-ತಂಗಿ. ನಮ್ಮ ಮನಿಯವ್ರು ಹೇಳಿರಲಿಕ್ಕಿಲ್ಲ, ನಾ ಹೇಳ್ತೀನಿ."

ಗಿರಾಕಿ ಚಹಾ ಮುಟ್ಟದೆ ಎದ್ದ. ಸುದ್ದಿ ಹಾವು ಸಾಕುವವರ ನಡುವೆ ಹಬ್ಬಿತು. ಆಮೇಲೆ ಒಬ್ಬರೂ ಬರಲಿಲ್ಲ. ವಿಶ್ವನಾಥ ಕೂಗಾಡಿದ, ಕೆಲ ದಿನ ಮನೆಯಲ್ಲಿ ಉಣ್ಣಲಿಲ್ಲ. ಅವಳು ಕೋಣೆಯ ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡಳು. "ಇನ್ನೊಮ್ಮೆ ಜೋಡಿ ಮಾಡೂದಿದ್ರ ನನ್ನ ಕೇಳಿ ಮಾಡ್ರಿ," ಎಂದಳು. ಅವನು ಕೇಳಲಿಲ್ಲ, ಮಾಡಲೂ ಇಲ್ಲ. ನನ್ನ ಅಣ್ಣನನ್ನು ಶಶಿಧರನಿಗೇ ಹಿಂತಿರುಗಿಸಿದ. ಅಲ್ಲಿ ಅವನನ್ನು ಇನ್ನಾವ ತಂಗಿಯ ಪೆಟ್ಟಿಗೆಗೆ ಬಿಟ್ಟರೋ! ಅದನ್ನು ನೆನೆದರೆ ಇಂದಿಗೂ ನನ್ನ ಮೈ ಬಿಗಿಯುತ್ತದೆ.

ಈಗ ನಾನು ಮುದುಕಿ. ಹಿತ್ತಲ ಕಡೆಯ ಕೋಣೆಯಲ್ಲಿ ಬಿದ್ದಿರುತ್ತೇನೆ, ಪಕ್ಕದ ಪೆಟ್ಟಿಗೆಯಲ್ಲಿ ಕಣ್ಣಿಲ್ಲದ ನನ್ನ ಆ ಮಗಳು. ಸುನಂದಾ ಇಕ್ಕಳದಲ್ಲಿ ಇಲಿ ಹಿಡಿದು ಒಳಗೆ ಚಾಚುತ್ತಾಳೆ. ಮಗಳು ನಾಲಿಗೆಯಾಡಿಸುತ್ತಾಳೆ, ಕಾಯುತ್ತಾಳೆ, ಒಮ್ಮೆಲೇ ನೆಗೆದು ಹಿಡಿಯುತ್ತಾಳೆ. ತಾನು ಯಾವ ಬಣ್ಣದವಳೆಂಬುದು ಅವಳಿಗೆ ಗೊತ್ತಿಲ್ಲ. ಅದರಿಂದ ಅವಳಿಗೆ ಏನು ನಷ್ಟವಾಗಿದೆ ಎಂದು ನಾನು ಹುಡುಕುತ್ತಲೇ ಇದ್ದೇನೆ, ಇನ್ನೂ ಸಿಕ್ಕಿಲ್ಲ.