ಹದಿನೇಳನೆಯ ಸಾಲು

ಯಂತ್ರ ಓದಲಾರದೆ ಉಗುಳಿದ ಪರೀಕ್ಷೆಯ ಉತ್ತರ ಹಾಳೆಗಳೆಲ್ಲ ನನ್ನ ಮೇಜಿಗೆ ಬರುತ್ತವೆ. ಮಡಿಚಿದ್ದು, ನೀರು ಬಿದ್ದದ್ದು, ವೃತ್ತವನ್ನು ಅರೆಬರೆ ತುಂಬಿದ್ದು, ಒಂದೇ ಸಾಲಿನಲ್ಲಿ ಎರಡು ವೃತ್ತ ತುಂಬಿದ್ದು. ಮಸುಕಾಗಿದ್ದರೆ ಕಪ್ಪು ಪೆನ್ನಿನಿಂದ ಗಾಢ ಮಾಡಬೇಕು; ಎರಡು ಗುರುತಿದ್ದರೆ ಆ ಸಾಲಿಗೆ ‘ಅಮಾನ್ಯ’ ಎಂದು ಮುದ್ರೆ ಒತ್ತಿ ವಾಪಸು ಕಳಿಸಬೇಕು. ಹದಿನಾಲ್ಕು ವರ್ಷದಿಂದ ಇದೇ ಕೆಲಸ. ಒಂದು ಕೋಣೆ, ಒಂದು ಮೇಜು, ಒಂದು ಕಿಟಕಿ. ಕಿಟಕಿಯಾಚೆ ಪಕ್ಕದ ಕಟ್ಟಡದ ಗೋಡೆ. ಮನೆಗೆ ಹೋದರೆ ಅಲ್ಲೂ ಒಂದು ಕೋಣೆ, ಒಂದು ಮೇಜು. ಕಿಟಕಿ ಮಾತ್ರ ರಸ್ತೆಗೆ ತೆರೆಯುತ್ತದೆ, ಅಷ್ಟು ಬಡ್ತಿ.

ಹಾಳೆಯ ಮೇಲೆ ಹೆಸರಿರುವುದಿಲ್ಲ, ಸಂಖ್ಯೆ ಇರುತ್ತದೆ. ಯಾರ ಮಗ, ಯಾರ ಮಗಳು, ಯಾವ ಮನೆಯಿಂದ ಬಂದದ್ದು, ಒಂದೂ ತಿಳಿಯುವುದಿಲ್ಲ. ಇದನ್ನು ಬೈಯುವವರು ಬೈಯಲಿ, ನಾನು ಬೈಯಲಾರೆ. ನಮ್ಮಪ್ಪ ಡಿಪೋದಲ್ಲಿ ಬಸ್ಸು ತೊಳೆಯುತ್ತಿದ್ದ. ಇಂಥದೇ ಒಂದು ಪರೀಕ್ಷೆ ಪಾಸು ಮಾಡಿ ವಸತಿ ಕಾಲೇಜಿಗೆ ಸೇರಿದ್ದರಿಂದ ನಾನು ಇವತ್ತು ಕುರ್ಚಿಯ ಮೇಲೆ ಕೂತಿದ್ದೇನೆ. ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳಿದ್ದರೆ ನನ್ನ ಚಪ್ಪಲಿ ನೋಡಿಯೇ ಮನೆಗೆ ಕಳಿಸುತ್ತಿದ್ದರು.

ಆ ಪರೀಕ್ಷೆಯನ್ನು ನನ್ನ ತಂಗಿಯೂ ಬರೆದಿದ್ದಳು. ನನಗಿಂತ ಒಂದು ವರ್ಷ ಚಿಕ್ಕವಳು. ಒಬ್ಬಳೇ ಶಾಲೆಗೆ ಹೋಗುವುದಿಲ್ಲ ಎಂದು ನಾನು ಹಠ ಹಿಡಿದದ್ದಕ್ಕೆ ಇಬ್ಬರನ್ನೂ ಒಂದೇ ತರಗತಿಗೆ ಹಾಕಿದ್ದರು. ಲೆಕ್ಕದಲ್ಲಿ ಅವಳು ನನ್ನನ್ನು ಮೀರಿಸಿದವಳು, ನನ್ನ ಮನೆಪಾಠವನ್ನೆಲ್ಲ ಅವಳೇ ಮಾಡಿಕೊಡುತ್ತಿದ್ದಳು. ಆದರೂ ಅಕ್ಕ ಎಂಬ ಗತ್ತು ಬಿಡಬೇಕಲ್ಲ. ಪರೀಕ್ಷೆಯ ದಿನ ಮೆಟ್ಟಿಲ ಮೇಲೆ ನಿಂತು ಅವಳಿಗೆ ಉಪದೇಶ ಮಾಡಿದ್ದೆ, ಬಾರದ್ದನ್ನು ಬಿಟ್ಟು ಮುಂದೆ ಹೋಗು, ಆಮೇಲೆ ಬಂದು ಮಾಡು ಎಂದು. ನಾನು ಮಾತ್ರ ಒಂದನ್ನೂ ಬಿಡಲಿಲ್ಲ. ಬಾರದ್ದಕ್ಕೆಲ್ಲ ಎರಡನೆಯ ವೃತ್ತವನ್ನೇ ತುಂಬಿ ಕೈತೊಳೆದುಕೊಂಡೆ. ನಾನು ಪಾಸಾದೆ. ಅವಳಿಗೆ ಮೂವತ್ತೆಂಟು ಅಂಕ ಬಂತು. ಓದಲಿಲ್ಲ, ಆಟ ಆಡಿದಳು ಎಂದು ಅಪ್ಪ ಬೈದ. ಮುಂದಿನ ತಿಂಗಳೇ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗಕ್ಕೆ ಕೆಲಸಕ್ಕೆ ಸೇರಿದಳು. ಈಗಲೂ ಅಲ್ಲೇ ಇದ್ದಾಳೆ. ನಮ್ಮಿಬ್ಬರ ಮಾತು ವರ್ಷವರ್ಷಕ್ಕೆ ಸವೆಯುತ್ತ ಬಂದು, ‘ಚೆನ್ನಾಗಿದೀಯಾ’ ‘ಚೆನ್ನಾಗಿದೀನಿ’ಗೆ ಬಂದು ನಿಂತಿದೆ. ಅವಳಿಗೆ ನನ್ನ ಮೇಲೆ ಹೊಟ್ಟೆಕಿಚ್ಚು ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ.

ಮೊನ್ನೆ ಬಂದ ಹಾಳೆಯಲ್ಲಿ ಹದಿನೇಳನೆಯ ಸಾಲಿಗೆ ಎರಡು ಗುರುತಿದ್ದವು. ಮುದ್ರೆ ಎತ್ತಿಕೊಂಡೆ. ಉಳಿದ ವೃತ್ತಗಳನ್ನು ಎಷ್ಟು ಅಚ್ಚುಕಟ್ಟಾಗಿ ತುಂಬಿದ್ದರೆಂದರೆ, ಇಂಥವರು ಒಂದೇ ಸಾಲಿನಲ್ಲಿ ಯಾಕೆ ಎಡವಿದರು ಎಂದು ಕೆಳಗಿನವರೆಗೆ ಕಣ್ಣು ಓಡಿಸಿದೆ. ಕೊನೆಯ ಸಾಲು, ನೂರನೆಯದು, ಖಾಲಿ ಇತ್ತು.

ಕೀ ಉತ್ತರವನ್ನು ಅವತ್ತು ಬೆಳಿಗ್ಗೆ ಕೆಳಗಿನ ಸೂಚನಾ ಫಲಕಕ್ಕೆ ಅಂಟಿಸಿದ್ದರು. ವೃತ್ತ ಗಾಢ ಮಾಡುವವರು ಉತ್ತರ ನೋಡಬಾರದೆಂದು ಅದನ್ನು ನಮ್ಮ ಕೋಣೆಗೆ ತರುವಂತಿಲ್ಲ; ತಂದವರ ಕೆಲಸ ಹೋಗುತ್ತದೆ. ನೀರು ಕುಡಿಯುವ ನೆಪದಲ್ಲಿ ಹೋಗಿ, ಫಲಕದ ಪಕ್ಕದ ಮೇಜಿನ ಮೇಲಿದ್ದ ಒಂದು ಪ್ರತಿಯನ್ನು ಉದ್ದಕ್ಕೆ ಮಡಿಚಿ ತಂದೆ. ಹಾಳೆಯ ಪಕ್ಕಕ್ಕೆ ಹಿಡಿದೆ. ಮೊದಲ ಹದಿನಾರರಲ್ಲಿ ಹದಿನೈದು ಸರಿ. ಅಲ್ಲಿಂದಾಚೆಗೆ ಇಪ್ಪತ್ತೊಂದು ಮಾತ್ರ. ಒಟ್ಟು ಮೂವತ್ತಾರು. ಆಮೇಲೆ ಪಟ್ಟಿಯನ್ನು ಒಂದು ಸಾಲು ಮೇಲಕ್ಕೆ ಸರಿಸಿದೆ. ಉಳಿದ ಎಂಬತ್ತೆರಡರಲ್ಲಿ ಎಪ್ಪತ್ತೆಂಟು ಸರಿಯಾಗಿ ಕೂತವು.

ಹದಿನೇಳನೆಯ ಪ್ರಶ್ನೆ ಬಿಟ್ಟು ಮುಂದೆ ಹೋದವರು ಹಾಳೆಯಲ್ಲಿ ಸಾಲು ಬಿಡುವುದನ್ನು ಮರೆತಿದ್ದರು. ಹದಿನೆಂಟರ ಉತ್ತರ ಹದಿನೇಳಕ್ಕೆ, ಹತ್ತೊಂಬತ್ತರದ್ದು ಹದಿನೆಂಟಕ್ಕೆ, ಹೀಗೆ ಕೊನೆಯತನಕ. ಕೊನೆಗೆ ಹಿಂತಿರುಗಿ ಬಂದು ಹದಿನೇಳನ್ನೂ ತುಂಬಿದ್ದರು. ತಂಗಿಯ ಮೂವತ್ತೆಂಟು ಅಂಕ ನೆನಪಾಯಿತು.

ನಮ್ಮ ಮೇಲಧಿಕಾರಿಯನ್ನು ಎಲ್ಲರೂ ಗಡಿಯಾರ ಎನ್ನುತ್ತಾರೆ. ಯಾರ ಜೊತೆ ಮಾತಾಡಿದರೂ ಗೋಡೆಯ ಗಡಿಯಾರ ನೋಡುತ್ತಲೇ ಮಾತಾಡುವ ಮನುಷ್ಯ. ಹಾಳೆ ತೋರಿಸಿದೆ. ಅವರು ಮೊದಲ ಸಲ ಗಡಿಯಾರ ಬಿಟ್ಟು ನನ್ನನ್ನು ನೋಡಿದರು.

“ಕೀ ಉತ್ತರ ನಿಮ್ಮ ಕೈಗೆ ಹೇಗೆ ಬಂತು ಅಂತ ನಾನು ಕೇಳಲ್ಲಮ್ಮ. ನೀವೂ ಹೇಳ್ಬೇಡಿ.”

“ಒಂದು ಸಾಲು ಜಾರಿದೆ ಅಷ್ಟೇ ಸಾರ್. ತೊಂಬತ್ತರ ಮೇಲೆ ಬರ್ಬೇಕಾದವರಿಗೆ ಮೂವತ್ತಾರು ಬರ್ತಿದೆ.”

“ಇವತ್ತು ಇದನ್ನ ಒಂದು ಸಾಲು ಸರಿಸ್ತೀವಿ. ನಾಳೆ ಇನ್ಯಾರದ್ದೋ ಮಗನಿಗೆ ಎರಡು ಸಾಲು ಸರಿಸಿ ಅಂತ ಮೇಲಿಂದ ಫೋನ್ ಬರತ್ತೆ. ಕೈಯಲ್ಲಿ ತಿದ್ದೋ ಕಾಲದಲ್ಲಿ ಯಾರ ಮಕ್ಕಳು ಪಾಸಾಗ್ತಿದ್ರು, ನಾನು ಕಣ್ಣಾರೆ ನೋಡಿದೀನಿ. ನಿಮ್ಮ ತಂದೆ ಏನ್ ಕೆಲಸ ಮಾಡ್ತಿದ್ರು?”

“ಬಸ್ಸು ತೊಳೀತಿದ್ರು.”

“ಯಂತ್ರ ಅದನ್ನ ಕೇಳ್ತಾ?”

ಅವರು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ, ಅದೇ ನನ್ನ ಸಿಟ್ಟು.

“ಹಸಿರು ಫಾರಂ ಇದೆ, ವಿಶೇಷ ಟಿಪ್ಪಣಿ. ಬರೆದ್ರೆ ಸಮಿತಿಗೆ ಕಳಿಸ್ತೀನಿ. ಆದ್ರೆ ಕೀ ನೋಡಿದೆ ಅಂತ ನೀವೇ ಸಹಿ ಹಾಕಿಕೊಟ್ಟ ಹಾಗೆ. ಸಮಿತಿ ಒಪ್ಪತ್ತೆ ಅಂತ ನನಗೇನೂ ಅನ್ಸಲ್ಲ. ಐದು ಗಂಟೆಗೆ ಹಾಳೆಗಳ ಕಟ್ಟಿಗೆ ಮೊಹರು ಬೀಳತ್ತೆ,” ಎಂದು ಮತ್ತೆ ಗಡಿಯಾರದ ಕಡೆ ತಿರುಗಿದರು.

ಊಟದ ಬಿಡುವಿನಲ್ಲಿ ಮೆಟ್ಟಿಲ ಮೇಲೆ ಕೂತು ತಂಗಿಗೆ ಫೋನ್ ಮಾಡಿದೆ. ಹಿಂದೆ ಒಗೆಯುವ ಯಂತ್ರಗಳ ಗದ್ದಲ ಕೇಳುತ್ತಿತ್ತು.

“ಅಕ್ಕಾ? ಯಾರಿಗೆ ಏನಾಯ್ತು?”

ನಾನು ಫೋನ್ ಮಾಡಿದರೆ ಯಾರಿಗೋ ಏನೋ ಆಗಿರಬೇಕು. ಅಷ್ಟು ದೂರ ಬಂದುಬಿಟ್ಟಿದ್ದೆವು.

“ಯಾರಿಗೂ ಏನೂ ಆಗಿಲ್ಲ ಕಣೇ. ಇವತ್ತು ಒಂದು ಹಾಳೆ ಬಂತು. ಹದಿನೇಳನೇ ಪ್ರಶ್ನೆ ಬಿಟ್ಟು, ಅಲ್ಲಿಂದ ಎಲ್ಲಾನೂ ಒಂದೊಂದು ಸಾಲು ಮೇಲೆ ತುಂಬಿ...”

“ನಂದು ಮೂವತ್ತೊಂದು,” ಅಂದಳು.

ಇಪ್ಪತ್ತಾರು ವರ್ಷದ ಹಿಂದಿನ ಪರೀಕ್ಷೆ. ಪ್ರಶ್ನೆಯ ಸಂಖ್ಯೆ ಅವಳ ನಾಲಿಗೆಯ ತುದಿಯಲ್ಲೇ ಇತ್ತು.

“ನಿನಗೆ ಆವತ್ತೇ ಗೊತ್ತಿತ್ತಾ?”

“ಕೊನೇ ಸಾಲು ಖಾಲಿ ಉಳೀತಲ್ಲ, ಆಗ ಗೊತ್ತಾಯ್ತು. ಇನ್ನೊಂದು ಹಾಳೆ ಕೊಡಿ ಅಂದೆ. ಕೊಡಲ್ಲ ಅಂದ್ರು. ಇನ್ನೂ ಆರು ನಿಮಿಷ ಇತ್ತು, ಸುಮ್ನೆ ಕೂತಿದ್ದೆ.”

“ನನಗ್ಯಾಕೆ ಹೇಳಲಿಲ್ಲ?”

“ಹೇಳೋಣ ಅಂತಾನೇ ಬಂದೆ. ಒಂದನ್ನೂ ಬಿಡಲಿಲ್ಲ, ಎಲ್ಲಾ ತುಂಬಿಬಿಟ್ಟೆ ಅಂತ ನೀನು ಕುಣೀತಿದ್ದೆ. ಆಮೇಲೆ ನೀನು ಪಾಸಾದೆ. ಹೇಳಿದ್ರೆ ನೀನು ಕಾಲೇಜಿಗೆ ಹೋಗ್ತಿರಲಿಲ್ಲ.”

ಹೋಗುತ್ತಿದ್ದೆ. ಅತ್ತೂ ಕರೆದೂ ಹೋಗಿಯೇ ಹೋಗುತ್ತಿದ್ದೆ. ನನ್ನ ಬಗ್ಗೆ ಅವಳಿಗೆ ಅಷ್ಟು ಒಳ್ಳೆಯ ಅಭಿಪ್ರಾಯ ಇತ್ತೆಂದು ತಿಳಿದು ನನಗೆ ನನ್ನ ಮೇಲೇ ಅಸಹ್ಯವಾಯಿತು.

“ನಿನಗೆ ಹೊಟ್ಟೆಕಿಚ್ಚು ಅಂದ್ಕೊಂಡಿದ್ದೆ.”

“ಇತ್ತು, ಒಂದೆರಡು ವರ್ಷ. ಆಮೇಲೆ ಕೆಲಸ ಜಾಸ್ತಿ ಆಯ್ತು.” ಸ್ವಲ್ಪ ನಕ್ಕಳು. “ಮಾತು ಬಿಟ್ಟಿದ್ದು ನೀನಕ್ಕ, ನಾನಲ್ಲ. ಆ ಹಾಳೆ ಏನ್ ಮಾಡ್ದೆ?”

“ಮುದ್ರೆ ಒತ್ತಿ ಕಳಿಸ್ಬೇಕು. ಅಂಕ ಬದಲಾಗಲ್ಲ ಕಣೇ. ಬರೆದ್ರೆ ನನ್ನ ಕೆಲಸ ಹೋಗತ್ತೆ ಅಷ್ಟೇ.”

ಅವಳು ಯಂತ್ರಗಳ ಗದ್ದಲದಿಂದ ಈಚೆ ಬಂದಳು. “ನೀನು ಏನ್ ಮಾಡಿದ್ರೂ ಸರಿ. ಆದ್ರೆ ನಂದನ್ನ ಯಾರೋ ಒಬ್ರು ನೋಡಿ, ಇವಳಿಗೆ ಬರ್ತಿತ್ತು ಅಂತ ಎಲ್ಲೋ ಒಂದು ಕಡೆ ಬರೆದಿಟ್ಟಿದ್ರೆ ನನಗೆ ಚೆನ್ನಾಗಿರ್ತಿತ್ತು.” ಯಾರೋ ಅವಳನ್ನು ಕರೆದರು. ಫೋನ್ ಇಟ್ಟಳು.

ನಾಲ್ಕೂಮುಕ್ಕಾಲಿಗೆ ಹಸಿರು ಫಾರಂ ತುಂಬಿ ಗಡಿಯಾರ ಸಾಹೇಬರ ಮೇಜಿನ ಮೇಲಿಟ್ಟೆ. ಹಾಳೆಯ ಸಂಖ್ಯೆ, ಜಾರಿದ ಸಾಲು, ಎಪ್ಪತ್ತೆಂಟು, ಕೀ ಉತ್ತರ ನಾನೇ ತಂದದ್ದು, ನನ್ನ ಸಹಿ, ಎಲ್ಲವೂ ಇತ್ತು. ಅವರು ಮೇಲಿಂದ ಕೆಳಗೆ ಎರಡು ಸಲ ಓದಿದರು. ಬೈಯಲಿಲ್ಲ.

“ಇಲ್ಲೊಂದು ಖಾಲಿ ಬಿಟ್ಟಿದೀರಿ,” ಎಂದು ಬೆರಳಿಟ್ಟು ತೋರಿಸಿದರು.

‘ಅಭ್ಯರ್ಥಿಗೂ ನಿಮಗೂ ಇರುವ ಸಂಬಂಧ’ ಎಂಬಲ್ಲಿ ಬಿಟ್ಟಿದ್ದೆ. ಬಾರದ್ದನ್ನು ಬಿಟ್ಟು ಮುಂದೆ ಹೋಗಿದ್ದೆ, ಆಮೇಲೆ ಬಂದು ಮಾಡೋಣವೆಂದು.

ಅವರ ಪೆನ್ನು ತೆಗೆದುಕೊಂಡು ‘ಯಾವುದೂ ಇಲ್ಲ’ ಎಂದು ಬರೆದೆ. ಮೂವತ್ತೊಂದು ಎಂದ ಅವಳ ದನಿ ಇನ್ನೂ ಕಿವಿಯಲ್ಲೇ ಇತ್ತು. ಬರೆದದ್ದು ಸರಿಯಾದ ಸಾಲಿನಲ್ಲೇ ಇದೆಯೇ ಎಂದು ಇನ್ನೊಮ್ಮೆ ನೋಡಿಕೊಂಡೆ.